ಕ್ಲೆರ್ಮೊಂ-ಫೆರಾಂ ಕಡೆ ಹೊರಟಿರೋ ತಂಗಿಗೆ

ಫ್ರಾನ್ಸಿನ ಶಾಲೆಯಲ್ಲಿ ಇಂಗ್ಲಿಷ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ, ಕ್ಲೆರ್ಮೊಂ-ಫೆರಾಂ ವಿಭಾಗಕ್ಕೆ ಹಾಕಿದ್ದಾರೆ, ಆ ಸಂಬಳದಲ್ಲಿ ಬದುಕಬಹುದಾ ಅಕ್ಕ, ಸಸ್ಯಾಹಾರಿಗಳಿಗೆ ಕಷ್ಟವಾ, ಶಾಲೆಯವರು ಕೊಡೋ ರೂಮು ತಗೊಳ್ಳಲಾ ಅಂತ ಶಿವಮೊಗ್ಗದಿಂದ ಕೇಳಿದ್ದೀಯ. ಇದೇ ಕೆಲಸಕ್ಕೆ, ಇದೇ ಸೀಮೆಗೆ ಬಂದವಳು ನಾನು. ಆಮೇಲೆ ಇಲ್ಲೇ ಓದಿ ಇಲ್ಲೇ ಟೀಚರ್ ಆದೆ.

ವಾರಕ್ಕೆ 12 ಗಂಟೆ ಪಾಠ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ 7 ತಿಂಗಳು, ಕೈಗೆ ಬರೋದು 800 ಯೂರೊ ಆಸುಪಾಸು. ಪ್ಯಾರಿಸ್ಸಿಗೆ ಸಾಲದು, ಇಲ್ಲಿಗೆ ಸಾಕು. ಮೊದಲ ಸಂಬಳ ತಡವಾಗಬಹುದು, ಎರಡು ತಿಂಗಳ ಖರ್ಚು ಇಟ್ಟುಕೊಂಡೇ ವಿಮಾನ ಹತ್ತು. ಬಂದ 3 ತಿಂಗಳೊಳಗೆ ವೀಸಾ ಆನ್‌ಲೈನಲ್ಲಿ ವ್ಯಾಲಿಡೇಟ್ ಮಾಡಿಸು. ಬರ್ತ್ ಸರ್ಟಿಫಿಕೇಟಿನಲ್ಲಿ ಅಪ್ಪ ಅಮ್ಮನ ಹೆಸರು ಸರಿಯಾಗಿದೆಯಾ ನೋಡಿಕೊ, ಆರೋಗ್ಯ ವಿಮೆಯವರು ಕೇಳ್ತಾರೆ.

ಊಟಕ್ಕೆ ಹೆದರಬೇಡ. ಪಕ್ಕದ ಲ ಪುಯ್ ಸೀಮೆಯ ಹಸಿರು ಲೆಂಟಿಲ್ ಬೇಯಿಸಿ ಹುಣಸೆಹಣ್ಣು ಹಿಂಡಿದರೆ ಒಳ್ಳೇ ಸಾರಾಗುತ್ತೆ. ತೊಗರಿಬೇಳೆಗೆ ಪ್ಯಾರಿಸ್ಸಿನ ಲಾ ಶಾಪೆಲ್‌ನ ತಮಿಳರ ಅಂಗಡಿಗಳಿವೆ. ಸಾರಿನ ಪುಡಿ ಮಾತ್ರ ಅಮ್ಮನ ಕೈಯದೇ ಬರಲಿ.

ಇನ್ನು ರೂಮು. ನನಗೆ ಒರಿಯಾಕ್‌ನಲ್ಲಿ ಶಾಲೆಯ ಹಾಸ್ಟೆಲ್ಲಿನಲ್ಲೇ ಕೊಟ್ಟಿದ್ದರು. ಇಡೀ ಫ್ರಾನ್ಸಿನಲ್ಲೇ ಚಳಿಗೆ ಹೆಸರಾದ ಊರು. ಅಕ್ಟೋಬರ್ ಕೊನೆಗೆ ತೂಸಾಂ ರಜೆ, ಎರಡು ವಾರ. ಶುಕ್ರವಾರ ಸಂಜೆ ಮಕ್ಕಳೆಲ್ಲ ಸೂಟ್‌ಕೇಸ್ ಎಳೆದುಕೊಂಡು ಹೊರಟರು, ಕ್ಯಾಂಟೀನಿಗೆ ಬೀಗ ಬಿತ್ತು, ರಾತ್ರಿ ರೇಡಿಯೇಟರ್ ಮುಟ್ಟಿ ನೋಡಿದರೆ ಕಲ್ಲಿನ ಹಾಗೆ ತಣ್ಣಗೆ. ಒಲೆ ಇಲ್ಲ. ಕೆಟಲ್ ನೀರಲ್ಲಿ ಅವಲಕ್ಕಿ ನೆನೆಸಿ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ, ಕೋಟು ಹಾಕಿಕೊಂಡೇ ಮಲಗಿದೆ. ಅಮ್ಮನ ಫೋನ್ ಬಂದಾಗೆಲ್ಲ ಊಟ ಆಯ್ತು ಅಂದೆ. ಅವರಿಗೆ ಇವತ್ತಿಗೂ ಹೇಳಿಲ್ಲ.

ನಮ್ಮ ಕಡೆ ಶಾಲೆಗೆ ಹೊಸ ಮೇಡಂ ಬಂದರೆ ಮನೆ ಎಲ್ಲಿ, ಊಟಕ್ಕೇನು ಅಂತ ಪ್ಯೂನ್ ಕೂಡ ವಿಚಾರಿಸ್ತಾನೆ. ಇಲ್ಲಿ ಸ್ಟಾಫ್‌ರೂಮಿನಲ್ಲಿ ದಿನಾ ನಗುನಗುತ್ತಾ ಮಾತಾಡಿಸುತ್ತಿದ್ದವರಲ್ಲಿ ಒಬ್ಬರೂ ರಜೆಗೆ ಎಲ್ಲಿರ್ತೀಯ ಅನ್ನಲಿಲ್ಲ. ಕಲ್ಲುಮನಸ್ಸಿನವರು ಅಂದುಕೊಂಡು ಅತ್ತಿದ್ದೆ. ರಜೆ ಮುಗಿದ ಮೇಲೆ ವಿಷಯ ಗೊತ್ತಾಗಿ ಇತಿಹಾಸದ ಮೇಡಂ ಕಣ್ಣಲ್ಲಿ ನೀರು ತುಂಬಿಕೊಂಡರು. ಮನೇಲಿ ಮಗನ ರೂಮು ಖಾಲಿ ಇತ್ತಂತೆ, ಒಂದು ಮಾತು ಹೇಳಬಾರದಿತ್ತಾ ಅಂದರು. ಇನ್ನೊಬ್ಬರ ಸ್ವಂತ ವಿಷಯ ಕೆದಕಬಾರದು ಅಂತ ಇಲ್ಲಿನವರು ಸುಮ್ಮನಿರ್ತಾರೆ, ಬಾಯಿಬಿಟ್ಟು ಕೇಳಬಾರದು ಅಂತ ನಾವು ಸುಮ್ಮನಿರ್ತೀವಿ. ಕೇಳಿದ ಮೇಲೆ ಇವರು ಮಾಡೋ ಸಹಾಯ ಸಣ್ಣದಲ್ಲ. ನನ್ನ ಮದುವೆಗೆ ಆ ಮೇಡಂ ಕುಟುಂಬ ಸಮೇತ ಸಾಗರಕ್ಕೆ ಬಂದಿದ್ದರು.

ರೂಮು ತಗೊ, ಬಾಡಿಗೆ ಉಳಿಯುತ್ತೆ. ಆದರೆ ಹೊರಡೋ ಮುಂಚೆಯೇ ಶಾಲೆಗೆ ಇಮೇಲ್ ಮಾಡಿ ಕೇಳು: ಶನಿವಾರ, ಭಾನುವಾರ ಮತ್ತು ರಜೆಯಲ್ಲಿ ಹಾಸ್ಟೆಲ್ ತೆರೆದಿರುತ್ತಾ, ಹೀಟಿಂಗ್ ಇರುತ್ತಾ, ಅಡುಗೆ ಮಾಡೋಕೆ ಜಾಗ ಇದೆಯಾ, ಗೇಟಿನ ಕೀ ಯಾರು ಕೊಡ್ತಾರೆ. ಉತ್ತರ ಬರದಿದ್ದರೆ ಇನ್ನೊಂದು ಸಲ ಬರೆ, ಯಾರೂ ತಪ್ಪು ತಿಳಿಯಲ್ಲ. ಯಾವ ಊರು ಅಂತ ಗೊತ್ತಾದ ಕೂಡಲೇ ನನಗೂ ತಿಳಿಸು. ತೂಸಾಂ ರಜೆಗೆ ನಮ್ಮನೆಗೇ ಬಾ, ಈಗಲೇ ಕರೀತಿದ್ದೀನಿ.