ಕಾಲ ಬದಲಾವಣೆಯ ಪಟ್ಟಿಯನ್ನು ಬದಿಗಿಟ್ಟು ‘ಎಂದು’ ಎಂಬ ಪದವನ್ನು ನೋಡಿ

ಒಬ್ಬರು ಕೇಳಿದ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಇನ್ನೊಬ್ಬರಿಗೆ ವರದಿ ಮಾಡುವಾಗ ಕ್ರಿಯಾಪದದ ಕಾಲ ಹೇಗೆ ಬದಲಾಗುತ್ತದೆ ಎಂಬ ಪಟ್ಟಿಯನ್ನು ಎಷ್ಟು ಸಲ ಓದಿದರೂ ಬರೆಯಲು ಕುಳಿತಾಗ ‘ಶಿ ಆಸ್ಕ್ಡ್ ಮಿ ವೇರ್ ಡಿಡ್ ಐ ಲಿವ್’ ಎಂದೇ ಬರುತ್ತದೆ, ಆ ಪಟ್ಟಿಯನ್ನು ಮರೆಯದಿರಲು ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಆ ಪಟ್ಟಿಯನ್ನು ಒಮ್ಮೆಯೂ ಮರೆತವನಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ‘ಈಸ್’ ‘ವಾಸ್’ ಆಗುತ್ತದೆ, ‘ವಿಲ್’ ‘ವುಡ್’ ಆಗುತ್ತದೆ ಎಂದು ಒಪ್ಪಿಸುತ್ತಿದ್ದೆ. ಆದರೂ ನನ್ನ ಮೊದಲ ಕೆಲಸದಲ್ಲಿ ಒಂದೇ ಒಂದು ಪರೋಕ್ಷ ಪ್ರಶ್ನೆಯನ್ನು, ಅಂದರೆ ಹೀಗೆ ವರದಿ ಮಾಡಿದ ಪ್ರಶ್ನೆಯನ್ನು, ತಪ್ಪಾಗಿ ಬರೆದು ಆ ವರ್ಷದ ಬಡ್ತಿಯನ್ನು ಕಳೆದುಕೊಂಡೆ.

ಗ್ರಾಹಕರೊಬ್ಬರು ದೂರವಾಣಿಯಲ್ಲಿ ನನ್ನನ್ನು ‘ವೆನ್ ಶುಡ್ ಐ ಪೇ ದಿ ಅಡ್ವಾನ್ಸ್?’ ಎಂದು ಕೇಳಿದರು. ಉತ್ತರ ಹೇಳುವ ಅಧಿಕಾರ ನನಗಿರಲಿಲ್ಲವಾದ್ದರಿಂದ ಮೇಲಧಿಕಾರಿಗೆ ಇಮೇಲ್ ಬರೆದೆ: ‘ದಿ ಕ್ಲೈಂಟ್ ಆಸ್ಕ್ಡ್ ಅಬೌಟ್ ದಿ ಅಡ್ವಾನ್ಸ್, ವೆನ್ ಶುಡ್ ಐ ಪೇ ಇಟ್?’ ಗ್ರಾಹಕರು ನಮ್ಮಿಂದ ಮುಂಗಡ ಕೇಳುತ್ತಿದ್ದಾರೆ, ಅದನ್ನು ಯಾವಾಗ ಕೊಡಲಿ ಎಂದು ನಾನು ವಿಚಾರಿಸುತ್ತಿದ್ದೇನೆ ಎಂದು ಮೇಲಧಿಕಾರಿ ಓದಿಕೊಂಡರು. ಹಾಗೆ ಓದಿದ್ದು ಅವರ ತಪ್ಪಲ್ಲ. ಆ ವಾಕ್ಯಕ್ಕೆ ಇಂಗ್ಲಿಷಿನಲ್ಲಿ ಸಹಜವಾಗಿ ಹೊಮ್ಮುವ ಅರ್ಥವೇ ಅದು. ‘ಈ ಕೆಲಸದಲ್ಲಿ ಮುಂಗಡದ ಮಾತೇ ಇಲ್ಲ, ಹಾಗೆಂದು ಬರೆದು ತಿಳಿಸಿ’ ಎಂದು ಅವರು ಉತ್ತರಿಸಿದರು, ನಾನು ಅದನ್ನೇ ಗ್ರಾಹಕರಿಗೆ ಬರೆದು ಕಳುಹಿಸಿದೆ. ಸಾಮಗ್ರಿಯನ್ನೆಲ್ಲ ನಮ್ಮ ಹಣದಿಂದಲೇ ಕೊಂಡ ಮೇಲೆ ವಿಷಯ ಬಯಲಾಯಿತು. ಅಷ್ಟರಲ್ಲಿ ಮುಂಗಡ ಬೇಡವೆಂದು ನಾವೇ ಬರೆದ ಪತ್ರ ಗ್ರಾಹಕರ ಕೈಯಲ್ಲಿತ್ತು.

ಈ ತಪ್ಪು ಎಲ್ಲಿಂದ ಬಂತೆಂಬುದನ್ನು ದಯವಿಟ್ಟು ಗಮನವಿಟ್ಟು ನೋಡಿ. ನನ್ನ ಮನಸ್ಸಿನಲ್ಲಿದ್ದ ವಾಕ್ಯ ‘ನಾನು ಮುಂಗಡವನ್ನು ಯಾವಾಗ ಕೊಡಬೇಕು ಎಂದು ಗ್ರಾಹಕರು ಕೇಳಿದರು’ ಎಂಬುದು. ಇಲ್ಲಿನ ‘ನಾನು’ ಗ್ರಾಹಕರೇ ಎಂಬುದು ಸಂದರ್ಭ ಬಲ್ಲ ಕನ್ನಡಿಗರಿಗೆ ಥಟ್ಟನೆ ಹೊಳೆಯುತ್ತದೆ, ಏಕೆಂದರೆ ನಮ್ಮ ‘ಎಂದು’ ಆಡಿದವರ ಮಾತನ್ನು ಅವರ ಸರ್ವನಾಮ, ಅವರ ಕಾಲ, ಅವರ ‘ನಾಳೆ’ ಸಮೇತ ಹಾಗೆಯೇ ಎತ್ತಿ ತಂದು ನಿಲ್ಲಿಸಬಲ್ಲದು. ಇಂಗ್ಲಿಷಿನ ಪರೋಕ್ಷ ಪ್ರಶ್ನೆಯಲ್ಲಿ ಅಂಥ ಪದವಿಲ್ಲ. ಉದ್ಧರಣ ಚಿಹ್ನೆಯನ್ನು ತೆಗೆದ ಕ್ಷಣದಿಂದ ಅದರೊಳಗಿನ ‘ಐ’ ಬರೆಯುತ್ತಿರುವವರದೇ ಆಗಿಬಿಡುತ್ತದೆ. ‘ಎಂದು’ವಿನ ಜಾಗಕ್ಕೆ ‘ದಟ್’ ತಂದು ‘ಆಸ್ಕ್ಡ್ ದಟ್ ವೆನ್’ ಎಂದು ಬರೆಯುವವರೂ ನಮ್ಮಲ್ಲಿ ಬಹಳ. ಅದು ಇಂಗ್ಲಿಷೇ ಅಲ್ಲ. ನಾನು ಬರೆಯಬೇಕಿದ್ದುದು ಇಷ್ಟೇ: ‘ದಿ ಕ್ಲೈಂಟ್ ಆಸ್ಕ್ಡ್ ವೆನ್ ಹಿ ಶುಡ್ ಪೇ ದಿ ಅಡ್ವಾನ್ಸ್.’ ಈ ವಾಕ್ಯದಲ್ಲಿ ಕಾಲ ಬದಲಾಗಿಯೇ ಇಲ್ಲ, ‘ಶುಡ್’ ‘ಶುಡ್’ ಆಗಿಯೇ ಉಳಿದಿದೆ. ನಾನು ಉರು ಹೊಡೆದ ಪಟ್ಟಿ ನನ್ನನ್ನು ಉಳಿಸುವ ಸಾಧ್ಯತೆಯೇ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಟ್ಟಿಯನ್ನು ನೆನಪಿಡುವುದು ನಿಮ್ಮ ತೊಂದರೆಯಲ್ಲ. ಪ್ರಶ್ನೆ ವರದಿಯಾದ ಮೇಲೆ ಪ್ರಶ್ನೆಯಾಗಿ ಉಳಿಯುವುದಿಲ್ಲ ಎಂಬುದು ಇನ್ನೂ ಮನಸ್ಸಿಗೆ ಇಳಿದಿಲ್ಲ. ಯಾರೋ ಏನನ್ನೋ ಕೇಳಿದರು ಎಂಬುದು ಒಂದು ಹೇಳಿಕೆ, ಹಾಗಾಗಿ ಪದಗಳೂ ಹೇಳಿಕೆಯ ಕ್ರಮದಲ್ಲಿ, ಮೊದಲು ಕರ್ತೃ, ಬಳಿಕ ಕ್ರಿಯಾಪದ ಎಂದು ನಿಲ್ಲುತ್ತವೆ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುವುದಿಲ್ಲ. ಪ್ರಶ್ನೆ ಕೇಳುವುದಕ್ಕಾಗಿಯೇ ಬಂದಿದ್ದ ‘ಡು’, ‘ಡಸ್’, ‘ಡಿಡ್’ಗಳಿಗೆ ಅಲ್ಲಿ ಕೆಲಸವಿಲ್ಲ. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯಾದರೆ ‘ಇಫ್’ ಅಥವಾ ‘ವೆದರ್’ ಸೇರಿಸಿಕೊಳ್ಳಿ, ಅದರಲ್ಲಿ ಹೆಚ್ಚಿನದೇನೂ ಇಲ್ಲ. ‘ಹೂ ಬ್ರೋಕ್ ದಿ ಗ್ಲಾಸ್’ ಎಂಬಂಥ ಪ್ರಶ್ನೆಯಲ್ಲಿ ‘ಹೂ’ ಎಂಬುದೇ ಕರ್ತೃವಾಗಿರುವುದರಿಂದ ಕ್ರಮವನ್ನು ಬದಲಿಸುವ ಅಗತ್ಯವೂ ಬೀಳುವುದಿಲ್ಲ.

ಕಾಲದ ವಿಚಾರ ಇವೆಲ್ಲವುಗಳ ನಂತರದ್ದು. ನಿಮ್ಮನ್ನು ಅವರು ಕೇಳಿದ್ದು ‘ವೇರ್ ಡು ಯು ಲಿವ್?’ ಎಂದು. ‘ಡು’ ಹೋಗುತ್ತದೆ, ‘ಯು’ ನೀವೇ ಆದ್ದರಿಂದ ‘ಐ’ ಆಗುತ್ತದೆ, ‘ಲಿವ್’ ‘ಲಿವ್ಡ್’ ಆಗುತ್ತದೆ: ‘ಶಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್.’ ಈಗಲೂ ನೀವು ಅದೇ ಮನೆಯಲ್ಲಿದ್ದರೆ ‘ವೇರ್ ಐ ಲಿವ್’ ಎಂದರೂ ತಪ್ಪಲ್ಲ. ಪಟ್ಟಿಯನ್ನೇ ನಂಬಿದವರಿಗೆ ಈ ಎರಡನೆಯ ವಾಕ್ಯ ತಪ್ಪಾಗಿ ಕಾಣುತ್ತದೆ. ನನಗೂ ವರ್ಷಗಟ್ಟಲೆ ಕಂಡಿತ್ತು.

ಅಭ್ಯಾಸಪುಸ್ತಕದಲ್ಲಿ ಉದ್ಧರಣ ಚಿಹ್ನೆಯೊಳಗಿನ ವಾಕ್ಯಗಳನ್ನು ಬದಲಿಸುತ್ತ ಕೂರುವುದನ್ನು ಇಂದೇ ನಿಲ್ಲಿಸಿ. ಇಂದು ನಿಮ್ಮನ್ನು ಯಾರಾದರೂ ಕನ್ನಡದಲ್ಲಿ ಕೇಳಿದ ಐದು ಪ್ರಶ್ನೆಗಳನ್ನು ನೆನಪಿಸಿಕೊಂಡು, ಆ ಮಾತನ್ನೇ ಕೇಳಿಸಿಕೊಳ್ಳದ ಮೂರನೆಯವರಿಗೆ ತಿಳಿಸುವಂತೆ ನೇರವಾಗಿ ಇಂಗ್ಲಿಷಿನಲ್ಲಿ ಬರೆಯಿರಿ. ಬರೆದ ಮೇಲೆ ಪ್ರತಿಯೊಂದು ‘ಐ’ ಮತ್ತು ‘ಯು’ ಕೆಳಗೆ ಅದು ಯಾರೆಂದು ಹೆಸರು ಬರೆದು ನೋಡಿ. ನನ್ನ ಆ ಇಮೇಲಿನ ‘ಐ’ ಕೆಳಗೆ ಗ್ರಾಹಕರ ಹೆಸರು ಬರೆಯಲು ಹೊರಟಿದ್ದರೆ, ಕಳುಹಿಸುವ ಮೊದಲೇ ನನ್ನ ಕೈ ಅಲ್ಲಿ ತಡೆಯುತ್ತಿತ್ತು.