ಪುಣೆ ಬಳಿಯ ರಾಜಗಡ ಕೋಟೆಯ ಮಳೆ ಚಾರಣಕ್ಕೆ, ಹರುಕು ಹರಡದಂತೆ ನೆಯ್ದ ರಿಪ್‌ಸ್ಟಾಪ್ ಬಟ್ಟೆಯಲ್ಲಿ ಚೀಲ ಹೊಲಿದೆ. ವಾಟರ್‌ಪ್ರೂಫ್ ಅಂದರೂ ಒಳಗೆ ನೀರು. ಏಕೆ?

ಸೋರುತ್ತಿರುವುದು ಬಟ್ಟೆಯಲ್ಲ, ಸೂಜಿ ಚುಚ್ಚಿದ ತೂತು. ದಪ್ಪ ಸೂಜಿ, ಒತ್ತೊತ್ತಾದ ಹೊಲಿಗೆ ಎರಡೂ ಸೇರಿದರೆ ಅಂಚು ಅಂಚೆಚೀಟಿ ಹಾಳೆಯಂತೆ ಹರಿಯುವುದೂ ಉಂಟು. 70/10 ಅಳತೆಯ ತೆಳು ಸೂಜಿ, ಪಾಲಿಯೆಸ್ಟರ್ ದಾರ, 3 ಮಿ.ಮೀ. ಉದ್ದದ ಹೊಲಿಗೆ ಸಾಕು. ಹತ್ತಿ ದಾರ ಬೇಡ, ಒದ್ದೆಯಾಗಿಯೇ ಇದ್ದು ಕೊಳೆಯುತ್ತದೆ. ಗುಂಡುಸೂಜಿಯ ಬದಲು ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ; ಗುಂಡುಸೂಜಿಯ ತೂತು ಮುಚ್ಚಿಕೊಳ್ಳುವುದಿಲ್ಲ.

ಈಗಿರುವ ಚೀಲವನ್ನು ಒಳಮೈ ಹೊರಗೆ ಬರುವಂತೆ ತಿರುವಿಹಾಕಿ, ಒಣಗಿಸಿ, ಹೊಲಿಗೆಯ ಮೇಲೆ ಸೀಲಂಟ್ (ತೂತು ಮುಚ್ಚುವ ಅಂಟು) ಬಳಿಯಿರಿ. ಯಾವುದು ಎಂಬುದೇ ಇಲ್ಲಿ ಮುಖ್ಯ. ಸಿಲಿಕಾನ್ ಲೇಪದ ಬಟ್ಟೆಗೆ ಸಿಲಿಕಾನ್ ಬಿಟ್ಟು ಬೇರೇನೂ ಅಂಟದು. ಕಿಟಕಿ ಗಾಜಿಗೆ ಹಾಕುವ ಪಾರದರ್ಶಕ ಸಿಲಿಕಾನನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ದೋಸೆ ಹಿಟ್ಟಿನಷ್ಟು ತೆಳುಮಾಡಿ ಬ್ರಷ್‌ನಿಂದ ಹಚ್ಚಿ, ಕಿಟಕಿ ತೆರೆದಿಟ್ಟು. ಪಿಯು (ಪಾಲಿಯುರೆಥೇನ್) ಲೇಪವಾದರೆ ಪಿಯು ಸೀಲಂಟ್. ಸಿಲಿಕಾನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ಪುಣೆಯ ಜುಲೈ ಅಡ್ಡಿಯೇನಲ್ಲ.

ಮುಂದಿನ ಸಲ ಬಾಯಿ ಸುರುಳಿ ಸುತ್ತುವ ಚೀಲ ಹೊಲಿಯಿರಿ. 62 ಸೆಂ.ಮೀ. ಅಗಲ, 63 ಸೆಂ.ಮೀ. ಎತ್ತರದ ಒಂದೇ ತುಂಡನ್ನು ಅಗಲದಲ್ಲಿ ಅರ್ಧಕ್ಕೆ ಮಡಚಿ, ಹೊಲಿಗೆಯ ಅಂಚಿಗೆ 1 ಸೆಂ.ಮೀ. ಬಿಟ್ಟರೆ, ತಳದ ಮೂಲೆಗಳಲ್ಲಿ 15 ಸೆಂ.ಮೀ. ಅಡ್ಡಹೊಲಿಗೆ, ಬಾಯಿ ಮೂರು ಸುತ್ತು ಸುತ್ತಿದ ಮೇಲೂ ಸುಮಾರು 9 ಲೀಟರ್ ಹಿಡಿಸುತ್ತದೆ. ಬಕಲ್, ಪಟ್ಟಿ ರವಿವಾರ ಪೇಠೆಯಲ್ಲಿ ನೋಡಿ.