ಕಳಚಿ ಬಂದ ಜಿರ್ಕೋನಿಯಾ ಕ್ಯಾಪ್ ಮತ್ತೆ ಅಂಟುವುದೇ?

ಪ್ರಶ್ನೆ: ಮಾನ್ಯರೇ, ರೂಟ್ ಕೆನಾಲ್ ಆಗಿದ್ದ ದವಡೆ ಹಲ್ಲಿಗೆ ಎರಡು ವರ್ಷಗಳ ಹಿಂದೆ ಜಿರ್ಕೋನಿಯಾ ಕ್ಯಾಪ್ ಹಾಕಿಸಿಕೊಂಡಿದ್ದೆ. ಕಳೆದ ತಿಂಗಳು ಕಡಲೆ ಮಿಠಾಯಿ ತಿನ್ನುವಾಗ ಅದು ಒಡೆಯದೆ ಇಡಿಯಾಗಿ ಕಳಚಿ ಬಂತು. ಹತ್ತಿರದ ಕ್ಲಿನಿಕ್ಕಿನಲ್ಲಿ ಸಿಮೆಂಟ್ ಹಾಕಿ ಕೂರಿಸಿದರು. ಹತ್ತೇ ದಿನಗಳಲ್ಲಿ ಮತ್ತೆ ಬಿದ್ದುಹೋಯಿತು. ಹೊಸದನ್ನೇ ಮಾಡಿಸಬೇಕೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಕ್ಯಾಪ್ ಬಿರುಕು ಬಿಟ್ಟಿಲ್ಲ, ಒಳಗಿನ ಹಲ್ಲು ಹುಳುಕಾಗಿಲ್ಲ ಎಂದಾದರೆ ಅದನ್ನೇ ಮತ್ತೆ ಅಂಟಿಸಬಹುದು. ಆದರೆ ಜಿರ್ಕೋನಿಯಾ ಎಂಬ ಬಿಳಿಯ ಸೆರಾಮಿಕ್ ಅನ್ನು ಅಷ್ಟು ಗಟ್ಟಿಯಾಗಿಸುವ ರಚನೆಯೇ ಅಂಟಿಸುವ ಕೆಲಸವನ್ನು ಕಠಿಣಗೊಳಿಸುತ್ತದೆ. ಸಾಮಾನ್ಯ ಪಿಂಗಾಣಿಯಲ್ಲಿ ಗಾಜಿನ ಅಂಶವಿರುವುದರಿಂದ ಹೈಡ್ರೋಫ್ಲೋರಿಕ್ ಆಮ್ಲ ಅದನ್ನು ಕೊರೆದು ಸೂಕ್ಷ್ಮ ಗುಳಿಗಳನ್ನು ಮಾಡುತ್ತದೆ. ಆ ಗುಳಿಗಳಲ್ಲಿ ಸಿಮೆಂಟ್ ಹಿಡಿದುಕೊಳ್ಳುತ್ತದೆ. ಜಿರ್ಕೋನಿಯಾ ಬಹುಮಟ್ಟಿಗೆ ಬರೀ ಹರಳುಗಳಿಂದಾದದ್ದು. ಕ್ಲಿನಿಕ್ಕಿನಲ್ಲಿ ಬಳಸುವ ಆ ಆಮ್ಲ ಅದರ ಮೇಲೆ ಕೆಲಸ ಮಾಡುವುದಿಲ್ಲ.

ಹಾಗಾಗಿ ಕ್ಯಾಪ್‌ನ ಒಳಮೈಗೆ ಸುಮಾರು 50 ಮೈಕ್ರಾನ್ ಗಾತ್ರದ ಅಲ್ಯೂಮಿನಾ ಪುಡಿಯನ್ನು ಕಡಿಮೆ ಒತ್ತಡದಲ್ಲಿ ಊದಿ ಮೇಲ್ಮೈಯನ್ನು ಒರಟುಗೊಳಿಸಬೇಕು. ನಂತರ ಎಂಡಿಪಿ ಎಂಬ ಫಾಸ್ಫೇಟ್ ಘಟಕವುಳ್ಳ ಪ್ರೈಮರ್ (ಸಿಮೆಂಟ್ ಹಿಡಿಯುವಂತೆ ಮಾಡುವ ಲೇಪ) ಬಳಿದು, ಕೊನೆಗೆ ರೆಸಿನ್ (ರಾಳದಂಥ ಪ್ಲಾಸ್ಟಿಕ್) ಸಿಮೆಂಟಿನಿಂದ ಕೂರಿಸಬೇಕು. ದಂತ ಸಂಶೋಧಕ ಮಾರ್ಕಸ್ ಬ್ಲಾಟ್ಜ್ ಮತ್ತು ಸಂಗಡಿಗರು 2016ರಲ್ಲಿ ಎಪಿಸಿ (ಪುಡಿ ಊದುವುದು, ಪ್ರೈಮರ್, ಸಿಮೆಂಟ್ ಎಂಬವುಗಳ ಇಂಗ್ಲಿಷ್ ಮೊದಲಕ್ಷರಗಳು) ಎಂದು ಹೆಸರಿಟ್ಟು ವಿವರಿಸಿದ್ದು ಈ ಮೂರು ಹಂತಗಳನ್ನೇ.

ಇಲ್ಲಿ ಹೆಚ್ಚಾಗಿ ಎಡವುವುದು ಶುಚಿಗೊಳಿಸುವ ಹಂತದಲ್ಲಿ. ಕ್ಯಾಪ್ ಅನ್ನು ಬಾಯಲ್ಲಿಟ್ಟು ಅಳತೆ ನೋಡಿದೊಡನೆ ಜೊಲ್ಲಿನಲ್ಲಿರುವ ಫಾಸ್ಫೇಟ್‌ಗಳು ಜಿರ್ಕೋನಿಯಾಕ್ಕೆ ಅಂಟಿ, ಪ್ರೈಮರ್ ಹಿಡಿಯಬೇಕಾದ ಜಾಗವನ್ನು ಆಕ್ರಮಿಸಿಬಿಡುತ್ತವೆ. ನೀರಿನಲ್ಲಿ ತೊಳೆದರೆ ಅವು ಹೋಗುವುದಿಲ್ಲ. ಹಲ್ಲಿಗೆ ಹಚ್ಚುವ ಫಾಸ್ಫಾರಿಕ್ ಆಮ್ಲದಿಂದ ತೊಳೆಯುವುದಂತೂ ತಪ್ಪು, ಏಕೆಂದರೆ ಅದು ತನ್ನದೇ ಫಾಸ್ಫೇಟನ್ನು ಅಲ್ಲಿ ಬಿಟ್ಟುಹೋಗುತ್ತದೆ. ಇದಕ್ಕೆಂದೇ ಇರುವ ಶುಚಿಕಾರಕವನ್ನು ಬಳಸಬೇಕು, ಇಲ್ಲವೇ ಮತ್ತೊಮ್ಮೆ ಪುಡಿ ಊದಬೇಕು.

ನೀವೇ ಒಂದು ಪರೀಕ್ಷೆ ಮಾಡಬಹುದು. ಕ್ಯಾಪ್‌ನ ಒಳಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಒಳಮೈ ಸಿಮೆಂಟಿನ ಕುರುಹೂ ಇಲ್ಲದೆ ನುಣುಪಾಗಿ ಹೊಳೆಯುತ್ತಿದ್ದರೆ, ಹಿಡಿತ ತಪ್ಪಿದ್ದು ಜಿರ್ಕೋನಿಯಾದ ಕಡೆಯಿಂದ ಎಂದು ಬಹುಮಟ್ಟಿಗೆ ಹೇಳಬಹುದು. ಸಿಮೆಂಟ್ ಪೂರ್ತಿ ಕ್ಯಾಪ್‌ನಲ್ಲೇ ಉಳಿದಿದ್ದರೆ ತೊಂದರೆ ಹಲ್ಲಿನ ಕಡೆಯದು. ಉಳಿದಿರುವ ಹಲ್ಲು 4 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ಯಾವ ಸಿಮೆಂಟಿನ ಮೇಲೂ ಹೊರೆ ಹೆಚ್ಚು. ಅಂಥ ಹಲ್ಲನ್ನು ಮೊದಲು ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಅಥವಾ ಕೋರ್ (ಕ್ಯಾಪ್ ಕೂರಲು ಕಟ್ಟುವ ಒಳದಿಂಡು) ಕಟ್ಟಿ ಎತ್ತರಿಸುವ ಅಗತ್ಯ ಬರಬಹುದು.

ದಯವಿಟ್ಟು ಮನೆಯಲ್ಲಿ ಗೋಂದು ಹಾಕಿ ಅಂಟಿಸಿಕೊಳ್ಳಬೇಡಿ. ಕ್ಯಾಪ್ ಅನ್ನು ಡಬ್ಬಿಯಲ್ಲಿಟ್ಟುಕೊಂಡು ಈ ವಾರವೇ ವೈದ್ಯರಲ್ಲಿಗೆ ಹೋಗಿ. ತಡಮಾಡಿದರೆ ಅಕ್ಕಪಕ್ಕದ ಹಲ್ಲುಗಳು ಸರಿದು ಅದು ಕೂರದಂತಾಗುತ್ತದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಕೋಟೆ ಪ್ರದೇಶದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ತೋರಿಸಬಹುದು.

ಪ್ರಶ್ನೆ: ನಮ್ಮ ತಾಯಿಯವರಿಗೆ ಮುಂದೆ, ಇಲ್ಲದ ಹಲ್ಲಿನ ಜಾಗ ತುಂಬಲು ಕೂರಿಸಿದ ಜಿರ್ಕೋನಿಯಾ ಬ್ರಿಡ್ಜ್‌ನ ಅಂಚು ಚಕ್ಕೆ ಎದ್ದಿದೆ. ಬ್ರಿಡ್ಜ್ ಬಿಚ್ಚದೆ ಸರಿಪಡಿಸಲಾಗುವುದೇ?
– ಓದುಗರೊಬ್ಬರು, ಮಲ್ಲೇಶ್ವರಂ, ಬೆಂಗಳೂರು

ಉತ್ತರ: ಬಹಳಷ್ಟು ಸಲ ಆಗುತ್ತದೆ. ಇಂಥ ಬ್ರಿಡ್ಜ್‌ಗಳಲ್ಲಿ ಸಾಮಾನ್ಯವಾಗಿ ಎದ್ದುಬರುವುದು ಅಂದಕ್ಕಾಗಿ ಮೇಲೆ ಕೂರಿಸಿದ ಪಿಂಗಾಣಿಯ ಪದರವೇ ಹೊರತು ಜಿರ್ಕೋನಿಯಾ ಅಲ್ಲ. ಚಕ್ಕೆ ಸಣ್ಣದಾಗಿದ್ದರೆ ಉಜ್ಜಿ ಪಾಲಿಶ್ ಮಾಡಿದರೆ ಸಾಕು. ದೊಡ್ಡದಾಗಿದ್ದು, ಒಳಗಿನ ಬಿಳಿಯ ಜಿರ್ಕೋನಿಯಾ ಕಾಣುತ್ತಿದ್ದರೆ, ಬಾಯಿಗೆ ರಬ್ಬರ್ ಡ್ಯಾಮ್ (ಹಲ್ಲನ್ನಷ್ಟೇ ಹೊರಗಿಟ್ಟು ಉಳಿದ ಭಾಗ ಮುಚ್ಚುವ ರಬ್ಬರ್ ಹಾಳೆ) ಕಟ್ಟಿ, ಆ ಭಾಗಕ್ಕೆ ಮೇಲೆ ಹೇಳಿದಂತೆ ಪುಡಿ ಊದಿ ಎಂಡಿಪಿ ಪ್ರೈಮರ್ ಬಳಿಯುತ್ತಾರೆ. ಸುತ್ತ ಉಳಿದ ಪಿಂಗಾಣಿಗೆ ಸಿಲೇನ್ ಎಂಬ ಅಂಟುಸಹಾಯಕ ದ್ರವ ಹಚ್ಚಿ, ಬಣ್ಣ ಹೊಂದಿಸಿದ ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್) ತುಂಬುತ್ತಾರೆ. ಹೈಡ್ರೋಫ್ಲೋರಿಕ್ ಆಮ್ಲ ಬಳಸುವುದಾದರೆ ರಬ್ಬರ್ ಡ್ಯಾಮ್ ಇಲ್ಲದೆ ಬಳಸಲು ಒಪ್ಪಬೇಡಿ. ಅದು ವಸಡನ್ನು ತೀವ್ರವಾಗಿ ಸುಡುತ್ತದೆ.

ಕಾಂಪೋಸಿಟ್ ಕಾಲಕ್ರಮೇಣ ಕಾಫಿ, ಟೀ ಬಣ್ಣ ಹಿಡಿಯುತ್ತದೆ ಎಂಬುದನ್ನು ತಾಯಿಯವರಿಗೆ ಮೊದಲೇ ತಿಳಿಸಿಡಿ. ಕಚ್ಚುವಾಗ ಕೆಳಗಿನ ಹಲ್ಲು ಅದೇ ಅಂಚಿಗೆ ಬಡಿಯುತ್ತಿದೆಯೇ ಎಂದು ಪರೀಕ್ಷಿಸಿ ಸರಿಪಡಿಸದೆ ಚಕ್ಕೆಯನ್ನಷ್ಟೇ ತುಂಬಿಸಿಕೊಂಡರೆ, ಆ ತುಂಬಿದ ಭಾಗವೂ ಅಲ್ಲಿಯೇ ಮುರಿಯುವ ಸಂಭವವಿದೆ.